ಕೆನ್ನೆಯೊಳಗೆ ಮೀನು ಹುಡುಕಿದ ಅಣ್ಣ

ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ಹೆಜಮಾಡಿಯ ದಡದಲ್ಲಿ ದೋಣಿ ಎಳೆಯುತ್ತಿದ್ದ ಹಗ್ಗ ತುಂಡಾಗಿ, ಅದರ ಕಬ್ಬಿಣದ ಕೊಕ್ಕೆ ನನ್ನ ಕಣ್ಣೆದುರೇ ಅಣ್ಣನ ಕಿವಿಯ ಕೆಳಗೆ ಬಡಿಯಿತು. ಎರಡು ಬೆರಳು ಆಚೀಚೆ ಆಗಿದ್ದರೆ ಅಣ್ಣ ಇರುತ್ತಿರಲಿಲ್ಲ. ಜೀವ ಉಳಿಯಿತು, ಆದರೆ ಮುಖದ ನರಕ್ಕೆ ಪೆಟ್ಟಾಗಿ ಬಲಗಡೆಯ ಕೆನ್ನೆ, ತುಟಿ ಅಲುಗದಾದವು, ಬಲಗಣ್ಣು ಮುಚ್ಚದಾಯಿತು. ರಾತ್ರಿ ರೆಪ್ಪೆ ಮುಚ್ಚಿ ಟೇಪು ಅಂಟಿಸಿದರೂ ಅವನಿಗೆ ನಿದ್ದೆಯಿಲ್ಲ. ಟೇಪು ಬಿಚ್ಚಿಕೊಂಡೀತೆಂದು ಕಾಯುವ ಅತ್ತಿಗೆಗೂ ನನಗೂ ಇಲ್ಲ.

ಗಾಯ ಮಾಗಿದ ಮೇಲೆ ಮಣಿಪಾಲದಲ್ಲಿ ಫಿಸಿಯೋಥೆರಪಿ ಶುರುವಾಯಿತು. ಥೆರಪಿಸ್ಟ್ ಹುಡುಗಿ ಕೆನ್ನೆಗೆ ಜೆಲ್ ಹಚ್ಚಿ ಅಲ್ಟ್ರಾಸೌಂಡ್ ಯಂತ್ರದ ಹಿಡಿಯನ್ನು ಮೆಲ್ಲಗೆ ಆಡಿಸಿದಳು. ಅಣ್ಣ ಯಂತ್ರದ ಪುಟ್ಟ ಪರದೆಯನ್ನೇ ದಿಟ್ಟಿಸುತ್ತಿದ್ದ. ನೀರಿಗೆ ಶಬ್ದ ಬಿಟ್ಟು ಮೀನಿನ ಹಿಂಡು ತೋರಿಸುವ ಯಂತ್ರ ಅವನ ದೋಣಿಯಲ್ಲೂ ಇದೆಯಲ್ಲ!

“ಎಂತ ಮೇಡಂ, ಬರೀ ಅಂಕೆ ಬರ್ತದೆ. ಒಳಗೆ ಎಂತದೂ ಇಲ್ವಾ?”

“ಇದರಲ್ಲಿ ಕಾಣ್ಲಿಕ್ಕಿಲ್ಲ ಅಣ್ಣ, ಸ್ನಾಯುವಿಗೆ ಶಾಖ ಕೊಡ್ಲಿಕ್ಕೆ ಮಾತ್ರ.”

“ಒಳ್ಳೆದಾಯ್ತು,” ಎಂದರು ಅತ್ತಿಗೆ. “ಬಂಗುಡೆ ಮೀನು ಕಂಡಿದ್ರೆ ಇವರು ಇಲ್ಲೇ ಬಲೆ ಬಿಡ್ತಿದ್ರು ಮಾರಾಯ್ರೆ!”

ಅಣ್ಣ ನಕ್ಕ. ಬಲ ತುಟಿಯಂಚು ಕೂದಲೆಳೆಯಷ್ಟು ಅಲುಗಿತು.

ಆಮೇಲೆ ದಿನವೂ ಕನ್ನಡಿಯ ಮುಂದೆ ಮುಖದ ವ್ಯಾಯಾಮ. ಏಳನೆಯ ವಾರದ ಗುರುವಾರ ಟೇಪಿಲ್ಲದೆ ಕಣ್ಣು ಮುಚ್ಚಿತು. ಆ ರಾತ್ರಿ ಅವನು ಗೊರಕೆ ಹೊಡೆದನೋ ಏನೋ, ಬೈಯಲು ನಮ್ಮಲ್ಲಿ ಯಾರೂ ಎಚ್ಚರವಿರಲಿಲ್ಲ.