ಮೈಲಾರವ್ವನ ಕೌದಿಯ ಕಲೆಗಳು

ಕೌದಿ ಹೊಲಿಯಲು ಯಾರಾದರೂ ಹಳೇ ಬಟ್ಟೆಯ ಗಂಟು ತಂದುಕೊಟ್ಟರೆ ಮೈಲಾರವ್ವ ಮೊದಲು ಮೂಸಿ ನೋಡುತ್ತಿದ್ದಳು. ಸೀರೆ, ಧೋತರ, ಕುಪ್ಪಸ ಯಾವುದೇ ಇರಲಿ, ಉಟ್ಟವರ ಬೆವರು, ಎಣ್ಣೆ, ಒಲೆಯ ಹೊಗೆ ಅದರಲ್ಲಿ ಕೂತಿರುತ್ತಿತ್ತು. ನಾತ ಹೆಚ್ಚಿದ್ದರೆ ಹಳ್ಳಕ್ಕೊಯ್ದು ಸೋಡಾ ಹಾಕಿ ಒಗೆದು ತರುವಳು. ಕುಬಿಹಾಳದಲ್ಲಿ ಕೌದಿ ಹೊಲಿಯುವ ಹೆಂಗಸರು ಬೇಕಾದಷ್ಟಿದ್ದರು, ಇಷ್ಟು ಹೇಸುವವಳು ಇವಳೊಬ್ಬಳೇ.

“ಮಂದಿ ಅರಿವಿ ಕಂಡ ಹಿಂಗ ಮೂಗ ಮುರದ್ರ ಹೊಟ್ಟಿ ತುಂಬತೈತೇನ ಬೇ?” ಎಂದು ಅತ್ತೆ ಹನಮವ್ವ ಬಯ್ಯುತ್ತಿದ್ದಳು.

ಸೂಜಿ ಹಿಡಿಯಲು ಕಲಿಸಿದವಳೂ ಹನಮವ್ವನೇ. ಆದರೆ ಅತ್ತೆಯ ಚೌಕ, ತ್ರಿಕೋನಗಳಲ್ಲಿ ಸೊಸೆಯ ಕೈ ನಿಲ್ಲಲಿಲ್ಲ. ಕರಿ ಕುರಿಯ ಉಣ್ಣೆ, ಕವಡೆ, ಒಡೆದ ಕನ್ನಡಿಯ ಚೂರು, ಏನು ಸಿಕ್ಕರೂ ಹಚ್ಚಿ ಹೊಲಿದಳು. ಊರವರು ಚಂದ ಅಂದರು. ಹಾಗೆ ಅನ್ನಿಸಿಕೊಳ್ಳುವುದು ಆಗ ಅವಳಿಗೂ ಬೇಕಾಗಿತ್ತು.

ಎಂಬತ್ಮೂರರ ಚಳಿಗಾಲದಲ್ಲಿ ಈರಬಸಪ್ಪಗೌಡರ ತಂದೆ ಮಡಿವಾಳೆಪ್ಪ ತೀರಿಕೊಂಡ. ಮೈಲಾರವ್ವನ ಗಂಡ ತಿರಕಪ್ಪ ಆ ಗೌಡರ ಹೊಲದಲ್ಲೇ ದುಡಿಯುತ್ತಿದ್ದ. ಗೌಡರ ಮನೆಯವರು ಭಜನೆ ಮಾಡಿಸಿ, ಹೆಣ ಕೂಡಿಸುವ ವಿಮಾನ ಕಟ್ಟಿ ಹೊತ್ತು, ಊರಿಗೆಲ್ಲ ಊಟ ಹಾಕಿದರು. ಮುದುಕ ಕಡೆಯ ವರ್ಷ ಹೇಗಿದ್ದನೆಂದು ಮಾತ್ರ ಯಾರೂ ಕಂಡಿರಲಿಲ್ಲ. ನೋಡಲು ಹೋದವರನ್ನು, ಈಗಷ್ಟೇ ನಿದ್ದಿ ಹತ್ತೈತಿ ಎಂದು ಪಡಸಾಲೆಯಿಂದಲೇ ಕಳಿಸುತ್ತಿದ್ದರು.

ಸ್ವಲ್ಪ ದಿನಕ್ಕೆ ಗೌಡರ ಹೆಂಡತಿ ಶಾರದವ್ವ ಮೈಲಾರವ್ವನನ್ನು ಕರೆಸಿ ಒಂದು ಗಂಟು ಕೊಟ್ಟಳು. ಮಗಳು ಸೀಮಂತಕ್ಕೂ ಚೊಚ್ಚಲ ಹೆರಿಗೆಗೂ ಬಂದಿದ್ದಳು, ಹುಟ್ಟುವ ಕೂಸಿಗೆ ಕೌದಿ ಬೇಕು. ಮೈಲಾರವ್ವ ಮನೆಗೆ ತಂದು ಮೂಸಿದವಳೇ ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡಳು. ಮೇಲೆ ರೇಷ್ಮೆ ಸೀರೆ, ಅದರೊಳಗೆ ಮುದುಕನ ಧೋತರಗಳು. ಹೇಲುಚ್ಚೆ ಒಣಗಿ ಬಟ್ಟೆ ಹಪ್ಪಳದಂತೆ ಸೆಟೆದಿತ್ತು. ಬೆನ್ನಹುಣ್ಣಿನ ಕೀವು ಸೋರಿದಲ್ಲೆಲ್ಲ ಸಗಣಿ, ಜೋಳದ ಕಣಿಕೆಯ ಚೂರು, ಎಮ್ಮೆಯ ಕೂದಲು ಮೆತ್ತಿಕೊಂಡಿದ್ದವು. ಅಂದರೆ ಮುದುಕನನ್ನು ದನದ ಕೊಟ್ಟಿಗೆಯಲ್ಲಿ ಕೆಡವಿದ್ದರು, ಮಗ್ಗಲು ಹೊರಳಿಸುವವರೂ ಇರಲಿಲ್ಲ.

ಗಂಟು ಹೊತ್ತು ತಿರುಗಿ ಹೋದಳು.

“ಗೌಡಸಾನಿ, ಇದನ್ನ ಹಸಿಗೂಸಿಗೆ ಹೆಂಗ ಹೊಚ್ಚೂದ್ರಿ?”

“ಒಳಗ ಇಟ್ಟ ಹೊಲಿ. ಮ್ಯಾಲೆ ರೇಷ್ಮಿ ಬರತೈತಿ. ಯಾರ ಬಿಚ್ಚಿ ನೋಡ್ತಾರ?” ಅಂದಳು ಶಾರದವ್ವ.

“ಹುಣ್ಣಿನ ಕೀವು ಐತ್ರಿ ಇದರಾಗ.”

“ಒಗಿ. ಒಗಿಯಾಕ ನಿನಗ ನಾ ಕಲಸಬೇಕೇನು?”

ಅಷ್ಟು ಹೇಳಿ ಶಾರದವ್ವ ವಿಭೂತಿಗಟ್ಟಿ ತೆಗೆದುಕೊಂಡು ಪೂಜೆಗೆ ಎದ್ದಳು. ಆ ಮುಖದ ತಣ್ಣನೆಯ ಕಳೆ ಕಂಡು ಮೈಲಾರವ್ವನಿಗೆ ಕೀವು ಕಂಡಾಗಲೂ ಬಾರದಂಥ ಓಕರಿಕೆ ಬಂತು.

ಹಳ್ಳದಲ್ಲಿ ಕುಕ್ಕಿ ಕುಕ್ಕಿ ಒಗೆದಳು. ನಾತ ಹೋಯಿತು, ಕಲೆ ಹೋಗಲಿಲ್ಲ. ಅವಳು ರೇಷ್ಮೆಯನ್ನು ಒಳಗಿಟ್ಟು ಧೋತರವನ್ನು ಮೇಲೆ ಹಾಕಿದಳು. ಒಂದೊಂದು ಕಲೆಯ ಸುತ್ತ ಕೆಂಪು ದಾರದಲ್ಲಿ ಸುತ್ತಿನ ಮೇಲೆ ಸುತ್ತು ಹೊಲಿದಳು. ಹುಣ್ಣು ಆಳವಾಗಿತ್ತೆನಿಸಿದಲ್ಲಿ ಕರಿ ಉಣ್ಣೆ ಗಿಡಿದಳು, ಎಲುಬು ಒತ್ತಿತ್ತೆನಿಸಿದಲ್ಲಿ ಕವಡೆ ಕೂಡಿಸಿದಳು. ನಡುನಡುವೆ ಎದ್ದು ಬಾಯಿ ಮುಕ್ಕಳಿಸಿ ಬಂದು ಮತ್ತೆ ಕೂರುವಳು. ಇಷ್ಟು ವರ್ಷ ತಾನು ಚಂದ ಮಾಡುತ್ತೇನೆಂದುಕೊಂಡು ಮಾಡಿದ್ದೆಲ್ಲ ಮುಚ್ಚುವ ಕೆಲಸವಾಗಿತ್ತು ಅನ್ನಿಸಿ, ತನ್ನ ಹಳೆಯ ಕೌದಿಗಳ ಮೇಲೂ ಹೇಸಿಕೆ ಹುಟ್ಟಿತು.

ಸೀಮಂತದ ದಿನ ಕೌದಿ ಒಯ್ದು ಪಡಸಾಲೆಯಲ್ಲಿ ಹಾಸಿದಳು. ನಾತವೇನೂ ಇರಲಿಲ್ಲ, ಆದರೂ ನೆರೆದ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿದರು. ಬಸುರಿ ಮಗಳು ಬಗ್ಗಿ ನೋಡಿ, “ಯವ್ವಾ, ಇದು ಅಜ್ಜನ ಧೋತರದ ಅಂಚಲ್ಲೇನು?” ಅಂದಳು.

ಈರಬಸಪ್ಪಗೌಡ ಎದ್ದು ಬಂದು ಕೌದಿಯನ್ನು ಕಾಲಿನಿಂದ ಸುತ್ತಿ, ಕೋಲಿನಲ್ಲಿ ಎತ್ತಿ ಹಿತ್ತಿಲ ತಿಪ್ಪೆಗೆ ಎಸೆದ. ತಂದೆಯ ಬಟ್ಟೆಯನ್ನು ಕೈಯಲ್ಲಿ ಮುಟ್ಟಲಿಲ್ಲ. ಸಂಜೆ ತಿರಕಪ್ಪನಿಗೆ, “ನಾಳಿಂದ ಹೊಲದ ಕಡೆ ಬರಬ್ಯಾಡ” ಎಂದು ಹೇಳಿ ಕಳಿಸಿದ. ಊರಲ್ಲಿ ಯಾರೂ ಅವಳಿಗೆ ಮತ್ತೆ ಬಟ್ಟೆ ಕೊಡಲಿಲ್ಲ.

ಗಂಡ ಹೆಂಡತಿ ಅಣ್ಣಿಗೇರಿಗೆ ಬಂದರು. ತಿರಕಪ್ಪ ಕಾಳಿನ ಪೇಟೆಯಲ್ಲಿ ಹಮಾಲಿಗೆ ನಿಂತ. ಇಲಿ ಕಡಿದ ಗೋಣಿಚೀಲ ಅಲ್ಲಿ ರಾಶಿ ಬಿದ್ದಿರುತ್ತಿದ್ದವು. ಮೈಲಾರವ್ವ ಅವನ್ನೇ ಬಿಚ್ಚಿ ಹಾಸಿ, ಇಲಿ ಕಡಿದ ತೂತಿನ ಸುತ್ತ ಹೊಲಿಗೆ ಹಾಕಿ, ಹತ್ತಿಕಾಯಿಯ ಒಣಸಿಪ್ಪೆ, ತುಕ್ಕು ಹಿಡಿದ ಡಬ್ಬಿಯ ತಗಡು, ಉಣ್ಣೆ ಸೇರಿಸಿ ಗೋಡೆಯಗಲದ ಒಂದು ಕೌದಿ ಮಾಡಿದಳು. ಅರಿವೆ ಅಂಗಡಿಯ ಕುತುಬುದ್ದೀನ ಅವಳಿಗೆ ಕತ್ತರಿಸಿದ ಚಿಂದಿ ಕೊಡುತ್ತಿದ್ದವನು. ಅಂಗಡಿಯಲ್ಲಿ ತೂಗುಹಾಕುತ್ತೇನೆಂದು ಒಯ್ದ. ವಾರದೊಳಗೆ ಮಡಚಿ ವಾಪಸು ತಂದ.

“ಬ್ಯಾಸರ ಮಾಡ್ಕೋಬ್ಯಾಡವಾ. ಹುಣ್ಣಾದ ಬೆನ್ನ ಕಂಡಂಗಾಕ್ಕೈತಿ ಅಂತಾರ ಮಂದಿ. ಒಬ್ಬಾಕಿ ಆರಿಸಿದ ಅರಿವಿ ಬಿಟ್ಟು ಎದ್ದು ಹೋದ್ಲು.”

“ನಿಮಗೇನ ಅನಸ್ತೈತ್ರಿ?”

ಕುತುಬುದ್ದೀನ, “ಸುಳ್ಳ ಯಾಕ ಹೇಳ್ಲಿ? ನನಗೂ ಹೇಸಿಗಿ ಬರತೈತಿ” ಅಂದ.

“ಹಂಗಾರ ಬರೋಬರಿ ಆಗೈತಿ” ಎಂದು ಮೈಲಾರವ್ವ ಅದನ್ನು ಇಸಿದುಕೊಂಡಳು. ಒಲೆಯ ಎದುರಿನ ಗೋಡೆಗೆ ಮೊಳೆ ಹೊಡೆದು ಕಟ್ಟಿದಳು.

ತಿರಕಪ್ಪ ಉಣ್ಣಲು ಕೂತವನು ತುತ್ತು ಕೆಳಗಿಟ್ಟ. “ಅದನ್ನ ನೋಡಕೋತ ರೊಟ್ಟಿ ಇಳಿಯಾಂಗಿಲ್ಲ.”

“ಬೆನ್ನ ಮಾಡಿ ಕುಂದ್ರು.”

ಅವನು ಗಂಗಾಳ ಹಿಡಿದುಕೊಂಡು ಬಾಗಿಲಕಡೆ ತಿರುಗಿ ಕೂತು ಉಂಡ. ಮೈಲಾರವ್ವ ಇನ್ನೊಂದು ಚೀಲದ ಹೊಲಿಗೆ ಬಿಚ್ಚತೊಡಗಿದಳು.