ಸಾಹೇಬರು ಬರುವ ದಿನದ ಬಾಳೆಕಂಬ

ಬಾಗಿಲಿಗೆ ಕಟ್ಟಿದ ಬಾಳೆಕಂಬ ಕಂಡರೆ ನನಗೆ ಸಿಟ್ಟು ಬರುತ್ತದೆ. ಹೀಗೆಂದರೆ ಯಾರೂ ನಂಬುವುದಿಲ್ಲ. ಮದುವೆಗೋ ಗೃಹಪ್ರವೇಶಕ್ಕೋ ಹೋದಾಗ ಉಳಿದವರೆಲ್ಲ ಪನ್ನೀರು ಹಾಕಿಸಿಕೊಂಡು ನಗುನಗುತ್ತಾ ಒಳಗೆ ನಡೆದರೆ, ನಾನೊಬ್ಬಳು ಕಂಬದ ಪಕ್ಕ ನಿಂತು, ಇದು ಗೊನೆ ಬಿಟ್ಟ ಮೇಲೆ ಕಡಿದದ್ದೋ ಬಿಡುವ ಮೊದಲೇ ಕಡಿದದ್ದೋ ಎಂದು ತಲೆ ಎತ್ತಿ ನೋಡುತ್ತಿರುತ್ತೇನೆ. ನಮ್ಮ ಯಜಮಾನರು ಮೊದಮೊದಲು ತೋಳು ಹಿಡಿದು ಎಳೆಯುತ್ತಿದ್ದರು. ಈಗ "ಅವಳು ಆಮೇಲೆ ಬರ್ತಾಳೆ, ನೀವು ಊಟಕ್ಕೆ ನಡೀರಿ" ಎಂದು ನೆಂಟರನ್ನು ಸಾಗಿಸಿಬಿಡುತ್ತಾರೆ. ಊಟಕ್ಕೆ ಕೂತ ಮೇಲೆ ಎಲೆಯ ಮೇಲೆ ಬಾಳೆಹಣ್ಣು ಬಂದರೆ ಅದನ್ನು ಮಾತ್ರ ಬಿಡುವುದಿಲ್ಲ. ಸಿಟ್ಟು ಇರುವುದು ಹಣ್ಣಿನ ಮೇಲಲ್ಲ.

ಈ ಸಿಟ್ಟು ನನಗೆ ಹುಟ್ಟಿನಿಂದ ಬಂದದ್ದಲ್ಲ, ಸರ್ಕಾರಿ ತರಬೇತಿಯಿಂದ ಬಂದದ್ದು. ನಾನು ಟೀಚರು. ನರಸೀಪುರದಿಂದ ತಲಕಾಡಿಗೆ ಹೋಗುವ ಬಸ್ಸಿನಲ್ಲಿ ನಡುದಾರಿ ಇಳಿದು, ಗದ್ದೆಯ ಏರಿಯ ಮೇಲೆ ನಡೆದರೆ ಸಿಗುವ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಬಹಳ ಕಾಲ ಇದ್ದೆ. ತೊಂಬತ್ತರ ದಶಕದಲ್ಲಿ ತರಬೇತಿಗಳೆಂದರೆ ಹೊಸ ಹಾಡು, ಹೊಸ ಆಟ, ಬಣ್ಣದ ಕಾರ್ಡು. ಬಿಸಿಯೂಟ ಶುರುವಾದ ಹೊಸದರಲ್ಲಿ ಒಂದು ಹೊಸ ಮಾತು ಬಂತು: ಸುಸ್ಥಿರ ಅಭಿವೃದ್ಧಿ. ಇದನ್ನು ಪ್ರತಿ ಪಾಠದೊಳಗೂ ತರಬೇಕು, ಗಣಿತದಲ್ಲೂ ತರಬೇಕು ಎಂದು ಆದೇಶವಾಯಿತು. ತರುವುದು ಹೇಗೆ ಎಂದು ಕಲಿಸಲು ನರಸೀಪುರದವರನ್ನೂ ನಂಜನಗೂಡಿನವರನ್ನೂ ಒಟ್ಟಿಗೆ ನಂಜನಗೂಡಿನ ಒಂದು ಸಭಾಂಗಣದಲ್ಲಿ ಕೂರಿಸಿದರು.

ವೇದಿಕೆಯ ಹಿಂದೆ 'ಸುಸ್ಥಿರ ಅಭಿವೃದ್ಧಿ' ಎಂದು ಥರ್ಮೊಕೋಲಿನಲ್ಲಿ ಕತ್ತರಿಸಿ ಅಂಟಿಸಿದ್ದರು. ಫ್ಯಾನು ಹಾಕಿದಾಗಲೆಲ್ಲ ಒಂದೊಂದು ಅಕ್ಷರ ಕಿತ್ತು ಬರುತ್ತಿತ್ತು. ಅದಕ್ಕೆ ಫ್ಯಾನು ಆರಿಸಿದರು. ಮಾರ್ಚ್ ತಿಂಗಳ ಧಗೆಯಲ್ಲಿ ನಾವು ಬೆವರಿಳಿಸಿಕೊಂಡು, ಪ್ಲಾಸ್ಟಿಕ್ ಲೋಟದಲ್ಲಿ ಟೀ ಕುಡಿಯುತ್ತಾ, ಪ್ಲಾಸ್ಟಿಕ್ಕಿನ ಅಪಾಯಗಳನ್ನು ಗುಂಪು ಚರ್ಚೆ ಮಾಡಿ ಚಾರ್ಟಿನ ಮೇಲೆ ಬರೆದೆವು. ನಮಗೆ ಕಲಿಸಲು ಬಂದವರನ್ನು 'ಸಂಪನ್ಮೂಲ ವ್ಯಕ್ತಿ' ಎಂದು ಕರೆಯಬೇಕಿತ್ತು. ಸಂಪನ್ಮೂಲಗಳು ಬೇಗ ಮುಗಿದುಹೋಗುತ್ತವೆ ಎಂದು ಅವರೇ ಹೇಳುತ್ತಿದ್ದರು. ಅವರು ಮಾತ್ರ ಮುಗಿಯುವ ಲಕ್ಷಣ ಕಾಣಲಿಲ್ಲ. ಬೇಸರ ಕಳೆಯಲು ನಡುನಡುವೆ ಮಳೆ ಚಪ್ಪಾಳೆ. ಮೊದಲು ಒಂದು ಬೆರಳಿನಿಂದ ಅಂಗೈ ತಟ್ಟಬೇಕು, ಆಮೇಲೆ ಎರಡು, ಮೂರು, ಹಾಗೇ ಐದೂ ಬೆರಳಿಗೆ ಬಂದರೆ ಜೋರು ಮಳೆಯ ಸದ್ದು. ಮೊಮ್ಮಕ್ಕಳನ್ನು ಕಂಡ ಹೆಡ್‌ಮೇಷ್ಟ್ರುಗಳೂ ತಟ್ಟಿದರು, ನಾನೂ ತಟ್ಟಿದೆ.

ಇಡೀ ತರಬೇತಿಯಲ್ಲಿ ನನಗೆ ದಕ್ಕಿದ್ದು ಊಟದ ಹೊತ್ತಿನಲ್ಲಿ. ಪಕ್ಕದಲ್ಲಿ ಕೂತಿದ್ದವರು ಬಿಳಿಗೆರೆ ಕಡೆಯ ಶಿವಮ್ಮ ಟೀಚರು. ಡಬ್ಬಿಯ ಜೊತೆ ಎರಡು ರಸಬಾಳೆಹಣ್ಣು ತಂದಿದ್ದರು. ಒಂದನ್ನು ನನಗೆ ಕೊಟ್ಟರು. ನಂಜನಗೂಡಿನ ರಸಬಾಳೆಯನ್ನು ತಿಂದವರಿಗೆ ನಾನು ವಿವರಿಸಬೇಕಾಗಿಲ್ಲ, ತಿನ್ನದವರಿಗೆ ವಿವರಿಸಿ ಪ್ರಯೋಜನವಿಲ್ಲ. ಆ ಹೊತ್ತಿಗಾಗಲೇ ಅದು ಅಪರೂಪವಾಗಿತ್ತು. ಸೊರಗು ರೋಗ ಬಿದ್ದು ತೋಟ ತೋಟವೇ ಒಣಗಿ, ಜನ ಬೇರೆ ಬೆಳೆಗೆ ಹೊರಳಿದ್ದರು. "ನಮ್ಮನೆ ಇತ್ಲಲ್ಲಿ ನಾಕು ಬುಡ ಉಳ್ಕಂಡವೆ ಕಣ್ರೀ. ಮಕ್ಳ ಕೈಲಿ ನೆಡ್ಸಿ, ನಾಳೆ ಒಂದ್ ಕಂದು ತತ್ತೀನಿ" ಎಂದರು ಶಿವಮ್ಮ. ಮಾರನೆಯ ದಿನ ಸಂಪನ್ಮೂಲ ವ್ಯಕ್ತಿ ಜೀವವೈವಿಧ್ಯದ ಬಗ್ಗೆ ಮಾತಾಡುತ್ತಿದ್ದಾಗ, ನನ್ನ ಕುರ್ಚಿಯ ಕೆಳಗೆ ಗೋಣಿಚೀಲದಲ್ಲಿ ಸುತ್ತಿದ ಬಾಳೆಯ ಕಂದುಗಳು ಮಲಗಿದ್ದವು. ಒಂದಲ್ಲ, ಜೋಡಿ ತಂದಿದ್ದರು.

ಸುತ್ತೂರಿನ ಮೇಲೆ ಬರುವ ಬಸ್ಸಿನಲ್ಲಿ ಅವನ್ನು ತೊಡೆಯ ಮೇಲಿಟ್ಟುಕೊಂಡು ತಂದೆ. ನಮ್ಮೂರಿನಲ್ಲಿ ಎಲ್ಲರೂ ನಕ್ಕರು. ರಸಬಾಳೆ ಆ ಮಣ್ಣಿನದು, ನಮ್ಮ ಮರಳು ಮಣ್ಣಿನಲ್ಲಿ ಬೆಳೆಯುವುದಿಲ್ಲ, ಬೆಳೆದರೂ ಆ ರುಚಿ ಬರುವುದಿಲ್ಲ ಎಂಬುದು ಊರಿನ ತೀರ್ಪು. ನಮ್ಮ ಮಕ್ಕಳಿಗೆ ಅದೇ ಹಟವಾಯಿತು. ಬಿಸಿಯೂಟದ ತಟ್ಟೆ ತೊಳೆದ ನೀರು ಅಂಗಳದಲ್ಲಿ ಕೆಸರಾಗಿ ಸೊಳ್ಳೆ ಏಳುತ್ತಿತ್ತು. ಅದಕ್ಕೊಂದು ಕಾಲುವೆ ತೋಡಿ ಬಾಳೆಯ ಬುಡಕ್ಕೆ ತಿರುಗಿಸಿದರು. ತರಕಾರಿ ಸಿಪ್ಪೆ, ಒಲೆಯ ಬೂದಿ, ಎಲ್ಲ ಅಲ್ಲಿಗೇ. ಆರನೇ ಕ್ಲಾಸಿನಲ್ಲಿದ್ದ ಸುಮ ಅನ್ನುವ ಹುಡುಗಿಯದು ಅದರ ಯಜಮಾನಿಕೆ. ರಜದಲ್ಲೂ ಬಂದು ನೀರು ಹಾಕಿದಳು. ಏಳನೇ ಕ್ಲಾಸಿಗೆ ಹೋದವಳು ದಿನಾ ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ತಲೆ ಎತ್ತಿ ನೋಡುತ್ತಿದ್ದಳು, ಗೊನೆ ಮೂತಿ ಹಾಕಿತೇ ಎಂದು. ಅವಳು ಏಳನೇ ಕ್ಲಾಸು ಮುಗಿಸಿ ಹೈಸ್ಕೂಲಿಗೆ ಹೋಗುವ ಮೊದಲು ಹಣ್ಣು ತಿನ್ನಬೇಕು, ಊರಿನ ತೀರ್ಪು ಸುಳ್ಳಾಗಬೇಕು. ನಮ್ಮ ಶಾಲೆಯಲ್ಲಿ ಆ ವರ್ಷ ಇದಕ್ಕಿಂತ ದೊಡ್ಡ ವಿಷಯ ಇರಲಿಲ್ಲ. ಬೇಕಾದರೆ ಇದನ್ನೇ ಸುಸ್ಥಿರ ಅಭಿವೃದ್ಧಿ ಅನ್ನಿ. ಮಕ್ಕಳು ಅದನ್ನು 'ನಮ್ ಬಾಳೆ' ಅನ್ನುತ್ತಿದ್ದರು.

ಅಷ್ಟರಲ್ಲಿ ಶಾಲಾ ಭೇಟಿ ಎಂಬುದು ಬಂತು. ತರಬೇತಿಯ ಫಲ ತರಗತಿಗೆ ಮುಟ್ಟಿದೆಯೇ ಎಂದು ನೋಡಲು ಇಲಾಖೆಯ ಸಾಹೇಬರು ತಂಡ ಕಟ್ಟಿಕೊಂಡು ಬರುತ್ತಾರಂತೆ, ನಮ್ಮ ಶಾಲೆಗೂ ಬರುತ್ತಾರಂತೆ. ಎಸ್‌ಡಿಎಂಸಿ, ಅಂದರೆ ಊರವರ ಶಾಲಾ ಸಮಿತಿಯ ಅಧ್ಯಕ್ಷರು ಪುಟ್ಟಮಾದಪ್ಪನವರು. ಕಬ್ಬು, ಭತ್ತ ಬೆಳೆಯುವ ಹಿರಿಯರು, ಶಾಲೆಯ ಮೇಲೆ ಪ್ರಾಣ. ಬೋರ್‌ವೆಲ್ ಕೆಟ್ಟ ಬೇಸಿಗೆಯಲ್ಲಿ ತಮ್ಮ ಪಂಪಿನಿಂದ ಶಾಲೆಗೆ ನೀರು ಬಿಟ್ಟವರು ಅವರು. ಸಭೆ ಸೇರಿದಾಗ ನಾನು ಹೇಳಿದ್ದು ಒಂದೇ ಮಾತು: ಪರಿಸರದ ಕಾರ್ಯಕ್ರಮ, ಆದ್ದರಿಂದ ಪ್ಲಾಸ್ಟಿಕ್ ಹಾರ, ಪ್ಲಾಸ್ಟಿಕ್ ತೋರಣ ಬೇಡ. "ಆಗ್ಲಿ ಮೇಡಮ್ಮಾರೆ, ಬಾಗ್ಲು ಸಿಂಗಾರ ನಂಗೆ ಬುಡಿ" ಎಂದರು ಪುಟ್ಟಮಾದಪ್ಪ. ಬಿಟ್ಟೆ.

ಆ ದಿನ ಬೆಳಿಗ್ಗೆ ಬಸ್ಸಿಳಿದು ಏರಿಯ ಮೇಲಿಂದ ಬರುತ್ತಿರುವಾಗಲೇ ಗೇಟು ಹಸಿರಾಗಿ ಕಂಡಿತು. ಎರಡು ಕಡೆಗೂ ಎತ್ತರದ ಬಾಳೆಕಂಬ. ಎಷ್ಟು ಚೆನ್ನಾಗಿದೆ ಅಂದುಕೊಂಡೇ ಗೇಟು ದಾಟಿದೆ. ಅಂಗಳದಲ್ಲಿ ಮಕ್ಕಳು ಗುಂಪಾಗಿ ನಿಂತಿದ್ದರು. ಯಾರೂ ನಮಸ್ತೆ ಮಿಸ್ ಅನ್ನಲಿಲ್ಲ. ಕಾಲುವೆಯ ತುದಿಯಲ್ಲಿ ಎರಡು ಬಿಳಿಯ ಮೋಟುಗಳು ನೀರು ಒಸರುತ್ತಿದ್ದವು. ಸುಮ ಅಳುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದಳು. "ಮಿಸ್, ನೀವೇ ಕಡೀರಿ ಅಂತ ಯೋಳಿದ್ರಾ?" ಎಂದಳು.

ನಾನು ಪುಟ್ಟಮಾದಪ್ಪನವರ ಹತ್ತಿರ ಓಡಿದೆ. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೆಗಲಿಗೆ ಹೊಸ ಟವೆಲ್ ಹಾಕಿ, ಬೆಳಗಿನ ಕೆಲಸದ ತೃಪ್ತಿಯಲ್ಲಿ ನಿಂತಿದ್ದರು. "ಸಾಯೇಬ್ರು ಬರೋ ದಿವ್ಸ ಬಾಗ್ಲು ಬೋಳಾಗಿದ್ರೆ ಊರ್ ಮರ್ವಾದಿ ಏನಾಯ್ತದೆ ಮೇಡಮ್ಮಾರೆ? ಪ್ಲಾಸ್ಟಿಕ್ ಬ್ಯಾಡ ಅಂತ ನೀವೇ ಯೋಳಿದ್ರಲ್ಲ! ಈ ಮಣ್ಣಲ್ಲಿ ರಸಬಾಳೆ ಎಲ್ಲಿ ಬಂದದು? ಸುಮ್ಕೆ ನಿಂತಿತ್ತು. ಒಳ್ಳೆ ಕಾರ್ಯಕ್ಕಾದ್ರೂ ಆಯ್ತಲ್ಲ" ಎಂದರು. ನಾನು ಉತ್ತರ ಕೊಡುವ ಮೊದಲೇ ಜೀಪು ಬಂತು.

ಸಾಹೇಬರಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. "ನೋಡಿ, ಒಂದು ಚೂರು ಪ್ಲಾಸ್ಟಿಕ್ ಇಲ್ಲ! ಇದೇ ಸುಸ್ಥಿರತೆ. ಇವನ್ನು ಎಲ್ಲಿಂದ ತಂದಿರಿ?" ಎಂದು ಕೇಳಿದರು. "ನಮ್ ಸ್ಕೂಲ್ದೇ ಸಾ, ಮಕ್ಳೇ ಬೆಳ್ಸವ್ರೆ" ಎಂದರು ಪುಟ್ಟಮಾದಪ್ಪ, ಎದೆಯುಬ್ಬಿಸಿ. "ಸ್ಥಳೀಯ ಸಂಪನ್ಮೂಲ!" ಎಂದು ಸಾಹೇಬರು ಜೊತೆಯವರಿಗೆ ತಿರುಗಿ ಹೇಳಿ, ಕಂಬಗಳ ನಡುವೆ ನಿಂತು ಫೋಟೋ ತೆಗೆಸಿಕೊಂಡರು. ಮಕ್ಕಳನ್ನು ಬಿಸಿಲಲ್ಲಿ ಕೂರಿಸಿ ಅವರು ಮಾಡಿದ ಭಾಷಣದಲ್ಲಿ ಮುಂದಿನ ಪೀಳಿಗೆ ಎಂಬ ಮಾತು ಮತ್ತೆ ಮತ್ತೆ ಬಂತು. ಮುಂದಿನ ಪೀಳಿಗೆಯ ಪಾಲನ್ನು ನಾವು ಕಸಿಯಬಾರದಂತೆ. ಆ ಪೀಳಿಗೆ ಅವರ ಎದುರಿಗೇ ಚಕ್ಕಳಮಕ್ಕಳ ಹಾಕಿ ಕೂತಿತ್ತು. ಅವರ ಕುರ್ಚಿಯಿಂದ ಹತ್ತು ಹೆಜ್ಜೆ ನಡೆದರೆ ಆ ಮೋಟುಗಳು. ನಡೆಯಲಿಲ್ಲ.

ಕೊನೆಯಲ್ಲಿ ನನ್ನನ್ನು ಅನಿಸಿಕೆ ಹೇಳಲು ಕರೆದರು. ಎದ್ದು ನಿಂತೆ. ಹೇಳಬೇಕಾದದ್ದೆಲ್ಲ ನಾಲಿಗೆಯ ತುದಿಯಲ್ಲಿತ್ತು. ಮುಂದಿನ ಸಾಲಿನಲ್ಲಿ ಪುಟ್ಟಮಾದಪ್ಪ, ಅವರ ಸುತ್ತ ಅವರ ಊರು. ನಾನು ಬಾಯಿ ಬಿಟ್ಟರೆ ಪೆಟ್ಟು ಬೀಳುವುದು ಸಾಹೇಬರಿಗಲ್ಲ, ಪ್ರೀತಿಯಿಂದ ಬಾಗಿಲು ಸಿಂಗರಿಸಿದ ಆ ಹಿರಿಯರಿಗೆ. "ಎಲ್ಲರಿಗೂ ಧನ್ಯವಾದಗಳು" ಎಂದು ಕೂತೆ. ಅದಕ್ಕೂ ಮಳೆ ಚಪ್ಪಾಳೆ ತಟ್ಟಿಸಿದರು.

ಬಾಳೆಕಂಬ ಕಟ್ಟುವ ಪದ್ಧತಿಯನ್ನು ನಾನು ಹಳಿಯುತ್ತಿಲ್ಲ. ನಮ್ಮ ಹಿರಿಯರು ಬಾಗಿಲಿಗೆ ಬೇರೆ ಮರ ಬಿಟ್ಟು ಬಾಳೆಯನ್ನೇ ತಂದು ನಿಲ್ಲಿಸಿದ್ದಕ್ಕೆ ಅರ್ಥವಿದೆ ಅನ್ನುತ್ತಾರೆ. ಬಾಳೆ ಒಂದು ಗೊನೆ ಕೊಟ್ಟು, ಬುಡದಲ್ಲಿ ಮರಿಗಳನ್ನು ಬಿಟ್ಟು ಹೋಗುತ್ತದೆ. ಈ ಮನೆಯೂ ಹಾಗೆ ಮುಂದುವರಿಯಲಿ ಎಂಬ ಹಾರೈಕೆ. ಸಾಹೇಬರ ಭಾಷಣದಲ್ಲಿದ್ದದ್ದೆಲ್ಲ ಆ ಕಂಬದಲ್ಲೇ ಇತ್ತು. ನನ್ನ ಸಿಟ್ಟು ಬೇರೆ. ನಂಜನಗೂಡಿಗೆ ಕರೆಸಿ, ದಿನಗಟ್ಟಲೆ ಕೂರಿಸಿ, ಭೂಮಿಯ ಶಾಖದಿಂದ ಹಿಡಿದು ಸಮುದ್ರದ ಮೀನಿನವರೆಗೆ ಹೇಳಿದವರು, ನಿಮ್ಮ ಶಾಲೆಯ ಅಂಗಳದಲ್ಲಿ ಏನಿದೆ ಮೇಡಂ ಎಂದು ಒಂದು ಸಲ, ಒಂದೇ ಒಂದು ಸಲ ಕೇಳಲಿಲ್ಲ. ನಮಗೆ ತುಂಬುವುದಷ್ಟೇ ಅವರ ಕೆಲಸ, ತುಂಬಿಸಿಕೊಳ್ಳುವುದು ನಮ್ಮ ಕೆಲಸ. ಇದು ಅಸಡ್ಡೆ. ಇದಕ್ಕೆ ಬೇರೆ ಹೆಸರು ಕೊಡಲು ನನಗೆ ಮನಸ್ಸಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನುಂಗಿಕೊಳ್ಳುತ್ತಿದ್ದೆ. ಮುಂದಿನ ಸಮಾಲೋಚನಾ ಸಭೆಯಲ್ಲಿ ನಮ್ಮ ಶಾಲೆಯನ್ನು ಮಾದರಿ ಎಂದು ಸಾರಿದರು. ಅತಿಥಿಗಳು ಬಂದಾಗ ಎಲ್ಲ ಶಾಲೆಗಳೂ ಹೀಗೆಯೇ ಪರಿಸರಸ್ನೇಹಿಯಾಗಿ ಅಲಂಕರಿಸಬೇಕಂತೆ. ಆ ವರ್ಷ ನಮ್ಮ ಕಡೆ ಪರಿಸರ ದಿನ ಬಂದರೆ ಬಾಳೆಗಳಿಗೆ ಗಂಡಾಂತರ. ಬಾಳೆ ಇದ್ದ ಶಾಲೆಗಳು ಕಡಿದವು, ಇಲ್ಲದ ಶಾಲೆಗಳು ಸಂತೆಯಿಂದ ಟೆಂಪೋದಲ್ಲಿ ತರಿಸಿದವು. ಮಾದರಿ ಶಾಲೆಯ ಟೀಚರೆಂದು ನನ್ನನ್ನು ಅಭಿನಂದಿಸಿದವರಿಗೆ ನಾನು ಏನು ಹೇಳಿದೆನೋ ನೆನಪಿಲ್ಲ. ನೆನಪಿಲ್ಲದಿರುವುದೇ ಒಳ್ಳೆಯದು.

ಬಾಳೆಗೆ ನಮಗಿಂತ ತಾಳ್ಮೆ ಹೆಚ್ಚು. ನಾವು ಮರ ಅನ್ನುವುದು ಬರೀ ಎಲೆಗಳ ಸುತ್ತು. ನಿಜವಾದ ಕಾಂಡ ಇರುವುದು ಮಣ್ಣಿನೊಳಗೆ. ಮೋಟಿನ ಪಕ್ಕದಲ್ಲಿ ಕಂದು ಒಡೆಯಿತು. ಅದನ್ನು ಮೊದಲು ಕಂಡ ಸುಮ ಪುಟ್ಟಮಾದಪ್ಪನವರ ಮನೆಗೇ ಹೋಗಿ, ಇದನ್ನಾದರೂ ಕಡಿಯಬೇಡಿ ಎಂದು ಹೇಳಿಬಂದಳಂತೆ. ಮಾರನೆಯ ದಿನ ಅವರು ಮುಳ್ಳು ಹೊತ್ತು ತಂದು ಸುತ್ತ ಬೇಲಿ ಕಟ್ಟಿದರು. ಕಟ್ಟುವಾಗ ನನ್ನ ಮುಖ ನೋಡಲಿಲ್ಲ. ಹೊರಡುವಾಗ "ಆ ಮಗ ಬಾಯ್ಬುಟ್ಟು ಯೋಳ್ತು ಕಣವ್ವ. ನೀನೂ ಅವತ್ತೇ ಬೈದ್ಬುಡೋದಲ್ವಾ" ಎಂದರು.

ಸುಮ ಆ ಬೇಸಿಗೆಗೆ ಏಳನೇ ಕ್ಲಾಸು ಮುಗಿಸಿ ಹೈಸ್ಕೂಲಿಗೆ ಹೋದಳು, ಹಣ್ಣು ತಿನ್ನದೆ. ಮರುವರ್ಷ ಹೊಸ ಬಾಳೆ ಗೊನೆ ಬಿಟ್ಟು, ಭಾರಕ್ಕೆ ಬಾಗಿ, ಪುಟ್ಟಮಾದಪ್ಪ ಬಿದಿರಿನ ಊರುಗೋಲು ಕೊಟ್ಟ ಹೊತ್ತಿಗೆ ಮತ್ತೊಂದು ಭೇಟಿ. ಈ ಸಲ ನಾನು ಯಾರಿಗೂ ಬಿಡಲಿಲ್ಲ. ನರಸೀಪುರದ ಅಂಗಡಿ ಬೀದಿಗೆ ಹೋಗಿ ಪ್ಲಾಸ್ಟಿಕ್ಕಿನ ಮಾವಿನೆಲೆ ತೋರಣ ತಂದು, ಗೇಟಿನ ಉದ್ದಕ್ಕೂ ನಾನೇ ಕಟ್ಟಿದೆ. ಹೊಸ ಸಾಹೇಬರು ಗೇಟಿನಲ್ಲೇ ನಿಂತುಬಿಟ್ಟರು. "ಏನಿದು ಮೇಡಂ? ನೀವು ತರಬೇತಿ ಆದವರಲ್ಲವೇ?" ಎಂದರು. ಅವರ ಬೆನ್ನ ಹಿಂದೆ ಗೊನೆ ತೂಗುತ್ತಿತ್ತು. ಅವರು ತಿರುಗಿ ನೋಡಲಿಲ್ಲ. ಈ ಶಿಕ್ಷಕಿಗೆ ಪರಿಸರ ಪ್ರಜ್ಞೆ ಸಾಲದು, ಮರುತರಬೇತಿ ಕೊಡಿಸುವುದು ಎಂದು ಹೇಳಿ ಜೀಪು ಹತ್ತಿದರು.

ಗೊನೆ ಹಣ್ಣಾದ ದಿನ ಸುಮ ಹೈಸ್ಕೂಲಿನ ಸಮವಸ್ತ್ರದಲ್ಲೇ ಬಸ್ಸಿಳಿದು ಬಂದಳು. ಮೊದಲ ಹಣ್ಣು ಅವಳಿಗೆ. ನಾವೆಲ್ಲ ಅವಳ ಬಾಯನ್ನೇ ನೋಡುತ್ತಿದ್ದೆವು. "ಚೆನ್ನಾಗದೆ ಮಿಸ್" ಎಂದು ಇನ್ನೊಂದಕ್ಕೆ ಕೈ ಚಾಚಿದಳು. ಪುಟ್ಟಮಾದಪ್ಪ ತಿಂದು, ಟವೆಲಿನಿಂದ ಬಾಯಿ ಒರೆಸಿಕೊಂಡು, ಊರಿನ ತೀರ್ಪನ್ನು ವಾಪಸು ತೆಗೆದುಕೊಂಡರು.

ಒಂದು ಚಿಪ್ಪು ಹಣ್ಣನ್ನು ಚೀಲದಲ್ಲಿಟ್ಟುಕೊಂಡು ನಂಜನಗೂಡಿಗೆ ಮರುತರಬೇತಿಗೆ ಹೋದೆ. ಅದೇ ಸಭಾಂಗಣ, ಅದೇ ಥರ್ಮೊಕೋಲು. ಈ ಸಲವೂ ಪಕ್ಕದಲ್ಲೇ ಕೂತಿದ್ದ ಶಿವಮ್ಮ ಟೀಚರು ಒಂದು ಹಣ್ಣು ಸುಲಿದು, ಕಣ್ಣು ಮುಚ್ಚಿ ತಿಂದು, "ನಮ್ಮೂರಷ್ಟು ಗಮ್ಮನ್ನಕಿಲ್ಲ. ಆದ್ರೆ ರಸಬಾಳೆನೇ ಕಣ್ರೀ" ಎಂದು ಪಿಸುಗುಟ್ಟಿದರು. ವೇದಿಕೆಯಿಂದ ಸಂಪನ್ಮೂಲ ವ್ಯಕ್ತಿ ಹೇಳುತ್ತಿದ್ದರು: ಇಷ್ಟೆಲ್ಲ ಆದ ಮೇಲೂ ಗೇಟಿಗೆ ಪ್ಲಾಸ್ಟಿಕ್ ತೋರಣ ಕಟ್ಟುವ ಶಾಲೆಗಳಿವೆ. ಎಲ್ಲರೂ ನನ್ನ ಕಡೆ ತಿರುಗಿದರು. "ನೀವೇನಾದರೂ ಹೇಳುವುದಿದೆಯೇ ಮೇಡಂ?"

ಇತ್ತು. ಎದ್ದು ನಿಂತೆ. ಈ ಸಲ ಮುಂದಿನ ಸಾಲಿನಲ್ಲಿ ಪುಟ್ಟಮಾದಪ್ಪ ಇರಲಿಲ್ಲ.

"ಇದೆ ಸರ್. ಬಾಳೆಗಿಡ ಒಬ್ಬರು ಸಾಹೇಬರಿಗೇ ಮುಗಿದುಹೋಗುತ್ತೆ. ಈ ತೋರಣ ತೊಳೆದಿಟ್ಟುಕೊಂಡರೆ ಎಷ್ಟು ಜನ ಸಾಹೇಬರಿಗಾದರೂ ಬರುತ್ತೆ. ನೀವು ಬರೋದು ನಿಲ್ಲಿಸೋವರೆಗೂ ನಾವು ಅದನ್ನೇ ಕಟ್ಟೋದು."

ಶಿವಮ್ಮ ಟೀಚರು ಒಂದು ಬೆರಳಿನಿಂದ ಅಂಗೈ ತಟ್ಟಿದರು. ಹಿಂದಿನ ಸಾಲಿನಿಂದ ಎರಡು ಬೆರಳಿನ ಸದ್ದು ಬಂತು. ಯಾರೂ ತಟ್ಟಿಸದೆಯೇ ಅದು ಐದೂ ಬೆರಳಿಗೆ ಬಂದು ಇಡೀ ಸಭಾಂಗಣದಲ್ಲಿ ಸುರಿಯಿತು.

ಅದಾದ ಮೇಲೆ ನನ್ನನ್ನು ಆ ತರಬೇತಿಗೆ ಕರೆಯಲಿಲ್ಲ. ಬಾಳೆ ಚೆನ್ನಾಗಿದೆ.