ರಾಮಲಕ್ಷ್ಮಮ್ಮ ಹಾಕಿದ ಮಜಲು

ರಾಮಲಕ್ಷ್ಮಮ್ಮನಿಗೆ ಕದಿರಪ್ಪನ ಮೇಲೆ ನಂಬಿಕೆ ಇರಲಿಲ್ಲ. ಆದರೂ ಕರೆಸಿದ್ದು ಅವನನ್ನೇ. ತಿರುಪತಿಗೆ ಹೋಗುವ ಬೆಟ್ಟದ ಅಡ್ಡದಾರಿ ಬಲ್ಲವನು ಕುರುಡುಮಲೆಯ ಸುತ್ತಿನಲ್ಲಿ ಅವನೊಬ್ಬನೇ.

ಬಹುಧಾನ್ಯ ಸಂವತ್ಸರದ ಫಾಲ್ಗುಣದಲ್ಲಿ ಅವಳ ಗಂಡ ಮುನಿಕೃಷ್ಣಪ್ಪ ಆ ದಾರಿಯಲ್ಲೇ ನಡೆದಿದ್ದ. ಹುಣ್ಣಿಮೆಗೆ ತಿರುಪತಿ ಮುಟ್ಟುತ್ತೇನೆಂದು ಹರಕೆ. ಜೊತೆಗೆ ಕದಿರಪ್ಪ. ಹೋದವರು ಇಬ್ಬರು, ಬಂದವನು ಒಬ್ಬ. ಜ್ವರ ಬಂತು, ಪ್ರಾಣ ಹೋಯ್ತು, ಬಂಡೆಯ ಪಕ್ಕ ಮಣ್ಣು ಮಾಡಿದೆ ಎಂದ. ಕಂಬಳಿ, ಕೋಲು, ನೀರಿನ ಸೋರೆಬುರುಡೆ ತಂದು ಜಗಲಿಯ ಮೇಲಿಟ್ಟ. ಊರು ನಂಬಿತು. ಅವಳು ಬುರುಡೆ ಎತ್ತಿ ಅಲ್ಲಾಡಿಸಿದಳು. ಮುಕ್ಕಾಲು ನೀರಿತ್ತು.

ಜ್ವರದವನು ನೀರು ಕೇಳದೆ ಸಾಯುತ್ತಾನೆಯೇ? ಕೇಳಿದ್ದರೆ ಈ ನೀರು ಹೇಗೆ ಉಳಿಯಿತು? ಇವನು ಕೊಡಲಿಲ್ಲವೇ? ಯಾರನ್ನೂ ಕೇಳಲಿಲ್ಲ. ರಾಗಿ ಬೀಸುತ್ತ ಯೋಚಿಸಿದಳು. ಹಸುವಿನ ಮೈ ತಿಕ್ಕುತ್ತ ಯೋಚಿಸಿದಳು. ಹನ್ನೆರಡು ವರ್ಷದವಳಿದ್ದಾಗ ಶ್ರೀನಿವಾಸಪುರದ ಕಡೆಯಿಂದ ಸೊಸೆಯಾಗಿ ಬಂದವಳು. ಅಕ್ಷರ ಬಾರದು. ಮುಳಬಾಗಿಲ ಸಂತೆಯಿಂದಾಚೆ ಭೂಮಿ ಹೇಗಿದೆಯೆಂದು ನೋಡಿದವಳಲ್ಲ. ಈಗ ವರ್ಷ ತುಂಬುತ್ತ ಬಂತು. ಆ ಮಣ್ಣಿನ ಮೇಲೆ ಹಾಲು ಹೊಯ್ಯಬೇಕು. ಮಣ್ಣು ಅಲ್ಲಿದೆಯೋ ಇಲ್ಲವೋ ಕಣ್ಣಾರೆ ನೋಡಬೇಕು.

ಪುಷ್ಯ ಮಾಸ. ಅಂಗಳದಲ್ಲಿ ಅವರೆಕಾಯಿ ರಾಶಿ. ರಾಮಲಕ್ಷ್ಮಮ್ಮ ಮತ್ತು ಅವಳ ಗಂಡನ ಅಕ್ಕ ಗಂಗರತ್ನಮ್ಮ ಕಾಯಿ ಸುಲಿಯುತ್ತ ಕೂತಿದ್ದರು. ಕದಿರಪ್ಪ ಬಂದು ದೂರದಲ್ಲೇ ನಿಂತ.

“ಏನ್ಲಾ ಕದಿರಾ, ವರ್ಷದಿಂದ ಈ ಬೀದಿಗೇ ಬರ್ಲಿಲ್ಲ. ನಮ್ಮ ನಾಯಿ ಕಚ್ತದೆ ಅಂತಲಾ?” ಎಂದಳು ಗಂಗರತ್ನಮ್ಮ.

“ನಿಮ್ಮ ನಾಯಿ ಸತ್ತು ಎರಡು ವರ್ಷ ಆಯ್ತಲ್ಲಕ್ಕಾ.”

“ಹಂಗಾದ್ರೆ ಇನ್ಯಾವ ಭಯ?”

ಕದಿರಪ್ಪ ಕೂತ. ರಾಮಲಕ್ಷ್ಮಮ್ಮ ತಲೆ ಎತ್ತಲಿಲ್ಲ. “ಫಾಲ್ಗುಣಕ್ಕೆ ನಾನು ಆ ದಾರೀಲಿ ಹೋಗ್ಬೇಕು. ಮಜಲು ಹೇಳು. ಒಂದೊಂದು ರಾತ್ರಿ ಎಲ್ಲಿ ತಂಗೋದು, ಎಲ್ಲಿ ನೀರು, ಎಲ್ಲ.”

“ಬೆಟ್ಟದ ದಾರಿ ಅಮ್ಮಾ ಅದು. ಹೆಂಗಸರಿಗೆ ಆಗೋದಲ್ಲ.”

“ಹೆಂಗಸಿಗೇನು ಕಾಲಿಲ್ವಾ? ಹೇಳು.”

ಅವನು ಹೇಳಿದ. ಅವಳು ಒಂದೊಂದು ಮಜಲಿಗೆ ಒಂದೊಂದು ಅವರೆಕಾಳು ನೆಲದ ಮೇಲಿಟ್ಟಳು. ಮೊದಲನೆಯದು ನಂಗಲಿ. ಎರಡನೆಯದು ಪಲಮನೇರು ದಾಟಿ ಒಂದು ಮಾವಿನ ತೋಪು. ಮೂರನೆಯದು ಬೆಟ್ಟದ ಬುಡದ ಗೊಲ್ಲರ ಹಟ್ಟಿ, ಅಲ್ಲಿ ಬಾವಿಯಿದೆ. ನಾಲ್ಕನೆಯದು ಎದ್ದುಲಬಂಡ ಎಂಬ ಬೋಳು ಬಂಡೆ.

“ಅದೊಂದೇ ಕಷ್ಟ ಕಣಮ್ಮಾ. ಹೊತ್ತು ಹುಟ್ಟೋಕೆ ಮುಂಚೆ ಹತ್ಬೇಕು, ಮುಳುಗೋ ತನಕ ಬಂಡೇನೇ. ಮರ ಇಲ್ಲ, ನೀರಿಲ್ಲ. ಕಾದ ಹೆಂಚು ಇದ್ದಂಗೆ ಇರ್ತದೆ. ಐದನೇ ದಿನ ಆಚೆ ಇಳಿದ್ರೆ ಹಳ್ಳ ಸಿಗ್ತದೆ.”

“ಅವರನ್ನ ಮಣ್ಣು ಮಾಡಿದ್ದು?”

“ಅಲ್ಲೇ. ನಾಲ್ಕರಲ್ಲಿ.”

ಆ ದಿನ ಅಷ್ಟೇ ಕೇಳಿ ಕಳಿಸಿದಳು. ಮಾರನೆಯ ದಿನ ಮತ್ತೆ ಕರೆಸಿದಳು, ಮತ್ತೆ ಮೊದಲಿಂದ ಹೇಳಿಸಿದಳು. ಸುಳ್ಳಾದರೆ ಎಲ್ಲಾದರೂ ಒಂದು ಕಡೆ ಜಾರುತ್ತದೆ ಎಂಬುದು ಅವಳ ಲೆಕ್ಕ. ಒಂದು ಮಾತೂ ಆಚೀಚೆ ಆಗಲಿಲ್ಲ. ಇದರಿಂದ ಅನುಮಾನ ಹೆಚ್ಚಿತು. ಬಾಯಿಪಾಠ ಮಾಡಿಕೊಂಡಿದ್ದಾನೆ ಅಂದುಕೊಂಡಳು.

ಮೂರನೆಯ ದಿನ ಗಂಗರತ್ನಮ್ಮನ ಜೊತೆ ಕಾಯಿ ಸುಲಿಯುತ್ತ, ಮಜಲಿನ ಕಾಳುಗಳನ್ನು ಮತ್ತೆ ಸಾಲಾಗಿಟ್ಟು, ಬುತ್ತಿಯ ಮಾತು ತೆಗೆದಳು. ಹುರಿಹಿಟ್ಟು ನಾಲ್ಕು ಸೇರು ಸಾಕೇ, ಬೆಲ್ಲ ಎಷ್ಟು, ಎಕ್ಕಡಕ್ಕೆ ಹೊಸ ಅಟ್ಟೆ ಹಾಕಿಸಬೇಕೇ. ಅವನು ಎಲ್ಲಕ್ಕೂ ನಿಧಾನವಾಗಿ ಉತ್ತರ ಹೇಳಿದ.

“ಯಾವ ವಾರ ಹೊರಡೋದು?” ಎಂದಳು.

“ಬುಧವಾರ ಒಂದು ಬಿಟ್ಟು ಯಾವತ್ತಾದ್ರೂ.”

ಈ ಉತ್ತರ ಮಾತ್ರ ಕೇಳುವ ಮೊದಲೇ ಬಂದ ಹಾಗಿತ್ತು.

“ಯಾಕೆ? ಬುಧವಾರಕ್ಕೇನಾಗಿದೆ?”

ಕದಿರಪ್ಪ ಅವರೆ ಸಿಪ್ಪೆಯೊಂದನ್ನು ಎತ್ತಿಕೊಂಡು ಹರಿಯತೊಡಗಿದ.

ಅವಳು ಕಾಳುಗಳ ಮೇಲೆ ಬೆರಳಿಟ್ಟಳು. ಗಂಡ ಹೊರಟಿದ್ದು ಬುಧವಾರವೇ. ಬುಧ, ನಂಗಲಿ. ಗುರು, ಮಾವಿನ ತೋಪು. ಶುಕ್ರ, ಗೊಲ್ಲರ ಹಟ್ಟಿ. ನಾಲ್ಕನೆಯ ಕಾಳಿಗೆ ಬೆರಳು ನಿಂತಿತು.

ಶನಿವಾರ.

ಅವರದು ವೆಂಕಟರಮಣನ ಒಕ್ಕಲ ಮನೆ. ಮುನಿಕೃಷ್ಣಪ್ಪ ಶನಿವಾರ ದೀಪ ಹಚ್ಚುವ ತನಕ ಹನಿ ನೀರು ಮುಟ್ಟುವವನಲ್ಲ. ಸುಗ್ಗಿಯ ಕಣದಲ್ಲೂ ಮುಟ್ಟಿದವನಲ್ಲ.

“ಅವರ ಶನಿವಾರ ನಿನಗೆ ಗೊತ್ತಿತ್ತು,” ಎಂದಳು. “ಗೊತ್ತಿದ್ದೂ ಆ ಬಂಡೆ ಹತ್ತಿಸ್ದೆ. ಬಂದು ಜ್ವರ ಅಂತ ಬೊಗಳಿದೆ.”

“ಅಯ್ಯೋ ದೇವುಡಾ!” ಕದಿರಪ್ಪ ಎದ್ದು ನಿಂತ. “ನಾನು ಮಜಲು ಹಾಕಿದ್ದು ಮಂಗಳವಾರದಿಂದ ಕಣಮ್ಮಾ. ಶುಕ್ರವಾರ ಬಂಡೆ, ಶನಿವಾರ ಹಳ್ಳದ ನೆರಳು. ಬೆಳಗ್ಗೆ ಕೋಳಿ ಕೂಗೋ ಹೊತ್ಗೆ ಬಂದು ಈ ಬಾಗಿಲಲ್ಲೇ ನಿಂತಿದ್ದೆ. ನೆಪ್ಪಿಲ್ವಾ?”

ನೆನಪಿತ್ತು. ಹೊಸಿಲಿಗೆ ಅಡ್ಡ ಕೈ ಹಾಕಿ ನಿಂತವಳು ಅವಳೇ. ಮಂಗಳವಾರ ಮನೆ ಬಿಟ್ಟು ಹೋದವರುಂಟೇ, ನಾಳೆ ಹೋಗಿ ಎಂದವಳು ಅವಳೇ. ಗಂಡ ನಕ್ಕು ಹೆಗಲ ಗಂಟು ಇಳಿಸಿದ್ದ.

“ಗೊಲ್ಲರ ಹಟ್ಟೀಲಿ ಒಂದು ದಿನ ನಿಲ್ಬೇಕಾಗಿತ್ತು,” ಎಂದಳು. ದನಿ ಇಳಿದಿತ್ತು.

“ಕೈ ಮುಗಿದು ಹೇಳ್ದೆ. ಹೆಂಡ್ತಿಗೆ ಒಂದು ದಿನ ಕೊಟ್ಟಾಯ್ತು, ಇನ್ನೊಂದು ದಿನ ಕಳೆದ್ರೆ ಹುಣ್ಣಿಮೆ ತಪ್ತದೆ ಅಂದ್ರು.”

“ಬಾಯಿಗೆ ನೀರು ಹೊಯ್ಯೋಕಾಗ್ಲಿಲ್ವಾ ನಿನಗೆ?”

“ಹೊಯ್ದೆ. ಉಗುಳಿದ್ರು. ಕೊನೇಗೆ ಅಂದಿದ್ದು ಒಂದೇ ಮಾತು. ಮಂಗಳವಾರದ ವಿಷಯ ಅವಳ ಹತ್ರ ಎತ್ಬೇಡ, ಜ್ವರ ಅನ್ನು ಅಂತ.”

ಸತ್ತವನ ಬಾಯಲ್ಲಿ ಮಾತಿಡುವುದು ಸುಲಭ. ಹೊಯ್ದೆ ಎನ್ನುತ್ತಾನೆ, ಕಂಡವರಾರು? ರಾಮಲಕ್ಷ್ಮಮ್ಮ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಅಲ್ಲಿ ಏನೂ ಗೊತ್ತಾಗಲಿಲ್ಲ. ಆದರೆ ಅಡ್ಡ ಹಾಕಿದ ಕೈ ಯಾರದೆಂದು ಇನ್ನೊಬ್ಬರನ್ನು ಕೇಳಬೇಕಾಗಿರಲಿಲ್ಲ.

“ಮಂಗಳವಾರ ಹೊರಡ್ತೀನಿ,” ಎಂದಳು. “ಶುಕ್ರವಾರ ಅವರ ಹತ್ರ ಇರ್ಬೇಕು. ನೀನು ಮುಂದೆ ನಡಿ. ನಾನು ಹೇಳ್ದಲ್ಲಿ ನಿಲ್ಲು. ನಿನ್ನ ನಾನಿನ್ನೂ ನಂಬಿಲ್ಲ, ತಿಳ್ಕೋ.”

ಕದಿರಪ್ಪ ತಲೆಯಾಡಿಸಿ ಹೋದ.

ಗಂಗರತ್ನಮ್ಮ ಅಷ್ಟು ಹೊತ್ತೂ ಕಾಯಿ ಸುಲಿಯುವುದನ್ನು ನಿಲ್ಲಿಸಿದ್ದಳು. ತಮ್ಮನ ಹೆಂಡತಿಯನ್ನು ಈಗ ಮೊದಲ ಸಲ ಕಂಡವಳಂತೆ ನೋಡುತ್ತಿದ್ದಳು. ಗಂಗರತ್ನಮ್ಮ ಏನಾದರೂ ಅನ್ನಲಿ ಎಂದು ರಾಮಲಕ್ಷ್ಮಮ್ಮ ಕಾದಳು. ಬೈದರೂ ಆಗಬಹುದಿತ್ತು.

“ಹುರಿಹಿಟ್ಟು ಎಷ್ಟು ಅಂದೆ?” ಎಂದಳು ಗಂಗರತ್ನಮ್ಮ ಕೊನೆಗೆ.

“ನಾಲ್ಕು ಸೇರು.”

“ಆರು ಮಾಡು. ನಾನೂ ಬರ್ತೀನಿ. ನಿಮ್ಮಿಬ್ಬರಲ್ಲಿ ಯಾರನ್ನೂ ನಾನು ನಂಬೋದಿಲ್ಲ.”